ಫ್ರೆಡ್ಡಿಯ ಗಂಟೆ

ಒಂದು ಪುಸ್ತಕ ಮಾರಾಟವಾದರೆ ಫ್ರೆಡ್ಡಿ ಒಂದು ಸಲ ಗಂಟೆ ಬಾರಿಸುತ್ತಿದ್ದಳು. ಕುರಿಯ ಕೊರಳಿಗೆ ಕಟ್ಟುವಂಥ ಹಿತ್ತಾಳೆಯ ಗಂಟೆ. ಅದರ ಸದ್ದಿಗೆ ಅಕ್ಕಪಕ್ಕದ ಡೇರೆಗಳವರು "ಹೋಯ್!" ಎಂದು ಕೂಗುತ್ತಿದ್ದರು. ಆ ಕೂಗಿಗೆ ಇನ್ನಷ್ಟು ಜನ ಬರುತ್ತಿದ್ದರು. ಮೇಜು ಒಂದೇ. ಅರ್ಧ ಅವಳದು, ಅರ್ಧ ನನ್ನದು. ಆದರೆ ಬಂದವರ ಕಣ್ಣಿಗೆ ಮೇಜು ಅರ್ಧಕ್ಕೇ ಮುಗಿದುಹೋದಂತಿತ್ತು.

ನಮ್ಮ ದ್ವೀಪದ ಹೋಬಾರ್ಟಿನಲ್ಲಿ ಬೇಸಿಗೆ ಇಳಿಯುವ ಹೊತ್ತಿಗೆ ನಮ್ಮಂಥವರ ಹಬ್ಬ ನಡೆಯುತ್ತದೆ. ಹೆಣ್ಣನ್ನು ಪ್ರೀತಿಸುವ ಹೆಂಗಸರು, ಗಂಡನ್ನು ಪ್ರೀತಿಸುವ ಗಂಡಸರು, ಈ ಎರಡೂ ಹೆಸರು ಒಪ್ಪದವರು, ಎಲ್ಲರೂ ನದೀದಂಡೆಯ ಹುಲ್ಲಿನ ಮೇಲೆ ಸೇರುತ್ತಾರೆ. ತಮ್ಮ ಪುಸ್ತಕ ತಾವೇ ಅಚ್ಚು ಹಾಕಿಸಿಕೊಂಡವರಿಗೆಂದು ಅಲ್ಲಿ ಒಂದು ಡೇರೆ. ಇಬ್ಬರಿಗೆ ಒಂದು ಮೇಜು. ನನ್ನ ಪಾಲಿಗೆ ಫ್ರೆಡ್ಡಿ ಬಂದಳು.

ಅವಳ ಪೂರ್ತಿ ಹೆಸರು ವಿನಿಫ್ರೆಡ್. ಹಾಗೆ ಕರೆದರೆ ತಿರುಗಿ ನೋಡುವುದಿಲ್ಲ. ಸಮುದ್ರದ ಆಚೆ ದಡದವಳು, ಹಡಗಿನಲ್ಲಿ ವ್ಯಾನು ಹೇರಿಕೊಂಡು ಬಂದಿದ್ದಳು. ಹಬ್ಬದಿಂದ ಹಬ್ಬಕ್ಕೆ ಹೋಗಿ ತನ್ನ ಪುಸ್ತಕ ತಾನೇ ಮಾರುವುದು ಅವಳ ಬದುಕು. ಕತ್ತರಿಸಿದ ಬೆಳ್ಳಿ ಕೂದಲು, ಮೊಣಕೈವರೆಗೆ ಮಡಿಚಿದ ತೋಳು. ನಕ್ಕರೆ ಒಂದು ಕೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಅದನ್ನೂ ನಾನು ನೋಡಿಟ್ಟುಕೊಂಡೆ. ನನಗೆ ಮಾತು ಬರುವುದಿಲ್ಲ, ನೋಡುವುದು ಬರುತ್ತದೆ.

ನಾನು ಹದಿನೈದಕ್ಕೇ ಶಾಲೆ ಬಿಟ್ಟು ಹುವಾನ್ ಕಣಿವೆಯ ಸೇಬಿನ ಶೆಡ್ಡಿಗೆ ಸೇರಿದವಳು. ಬೆಲ್ಟಿನ ಮೇಲೆ ಸೇಬು ಉರುಳಿ ಬರುತ್ತಿದ್ದರೆ ಕೊಳೆತದ್ದನ್ನು ಎತ್ತಿ ಬಿಸಾಡುವುದು ನನ್ನ ಕೆಲಸ. ಬ್ರೈಡಿ ಅಲ್ಲೇ ಪೆಟ್ಟಿಗೆ ಎತ್ತುವ ಗಾಡಿ ಓಡಿಸುತ್ತಾಳೆ. ನಾವಿಬ್ಬರೂ ಒಟ್ಟಿಗೆ ಮನೆ ಮಾಡಿ ಮೂರು ಚಳಿಗಾಲ ಕಳೆದವು. ನಾನು ಬರೆದದ್ದು ಅಂಥದೇ ಒಂದು ಶೆಡ್ಡಿನ, ನಮ್ಮಂಥವರೇ ಇಬ್ಬರು ಹುಡುಗಿಯರ ಕಥೆ. ಬರೆದವಳು ನಾನು. ಮಾರುವವಳು ಬ್ರೈಡಿ.

ಯಾರಾದರೂ ನನ್ನ ಪುಸ್ತಕ ಕೈಗೆತ್ತಿಕೊಂಡರೆ ನಾನು ಅವರ ಚಪ್ಪಲಿ ನೋಡುತ್ತೇನೆ. ಬ್ರೈಡಿ ಅವರ ಮುಖ ನೋಡುತ್ತಾಳೆ.

"ತಗೊಳ್ಳಿ ಇವ್ರೇ, ಇದು ನಮ್ಮಿಬ್ಬರದೇ ಕಥೆ. ಆದ್ರೆ ಪುಸ್ತಕದಲ್ಲಿ ನಾನು ಇನ್ನೂ ಸ್ವಲ್ಪ ಚೆನ್ನಾಗಿದೀನಿ. ಓದಿ ನೋಡಿ, ಅಳು ಬರ್ಲಿಲ್ಲ ಅಂದ್ರೆ ಈರುಳ್ಳಿ ನಾನೇ ತಂದುಕೊಡ್ತೀನಿ."

ಜನ ನಗುತ್ತಾರೆ, ಕೊಳ್ಳುತ್ತಾರೆ. ಅಳು ಬರುತ್ತದೋ ಇಲ್ಲವೋ ಬ್ರೈಡಿಗೆ ಗೊತ್ತಿಲ್ಲ. ಅವಳು ಪುಸ್ತಕವನ್ನು ಪೂರ್ತಿ ಓದಿಲ್ಲ. ಗುರುತಿಗೆ ಅವಳು ಅಂಟಿಸಿದ್ದ, ಸೇಬಿಗೆ ಹಚ್ಚುವ ಪುಟ್ಟ ಚೀಟಿ ಕಳೆದ ಚಳಿಗಾಲದಿಂದ ಒಂದೇ ಪುಟದಲ್ಲಿದೆ. ಒಂದು ಪುಟವೂ ಸರಿದಿಲ್ಲ. ಆ ವಿಷಯ ನಾನು ಎತ್ತಿಲ್ಲ, ಅವಳೂ ಎತ್ತಿಲ್ಲ.

ಆವತ್ತು ಬೆಳಿಗ್ಗೆ ವ್ಯಾನಿನಿಂದ ಪೆಟ್ಟಿಗೆ ಇಳಿಸುವಾಗ ಬ್ರೈಡಿ ಫ್ರೆಡ್ಡಿಗೆ ಕೈಜೋಡಿಸಿದ್ದಳು. ನಾನು ಡೇರೆಯ ಬಟ್ಟೆಯ ಈಚೆ ಗೂಟಕ್ಕೆ ಹಗ್ಗ ಬಿಗಿಯುತ್ತಿದ್ದೆ.

"ನಿನ್ನ ಬಾಯಿ ನನಗೆ ಬೇಕು ಕಣೆ," ಎಂದಳು ಫ್ರೆಡ್ಡಿ.

"ಅಯ್ಯೋ, ಬಾಯಿ ಮಾತ್ರಾನಾ?" ಎಂದು ಬ್ರೈಡಿ ನಕ್ಕಳು.

"ತಮಾಷೆ ಅಲ್ಲ. ಸೋಮವಾರದ ಹಡಗಿಗೆ ಹೊರಡ್ತೀನಿ. ಮೆಲ್ಬರ್ನ್, ಆಮೇಲೆ ಸಿಡ್ನಿ. ವ್ಯಾನಲ್ಲಿ ಪಕ್ಕದ ಸೀಟು ಖಾಲಿ. ನೀನು ಮಾರು, ನಾನು ಸಹಿ ಹಾಕ್ತೀನಿ. ಚಳಿಗಾಲದ ಹೊತ್ತಿಗೆ ವಾಪಸ್ ತಂದು ಬಿಡ್ತೀನಿ. ಬರ್ತೀಯಾ?"

ಪೆಟ್ಟಿಗೆ ನೆಲಕ್ಕಿಟ್ಟ ಸದ್ದಾಯಿತು.

"ನೋಡೋಣ," ಎಂದಳು.

ಇಲ್ಲ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹೂಂ ಎಂದಿದ್ದರೆ ಅಳಬಹುದಿತ್ತು. ಈ ನೋಡೋಣ ಎಂಬುದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಸೇಬಿನ ಸಿಪ್ಪೆಯಂತೆ. ನಾಲಿಗೆ ಇಡೀ ದಿನ ಅಲ್ಲೇ ಸುತ್ತುತ್ತದೆ.

ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ರಟ್ಟುಗಳು ಹಾರದಂತೆ ನನ್ನ ಪುಸ್ತಕದ ಸಾಲುಗಳ ಮೇಲೆ ಒಂದೊಂದು ಸೇಬು ಇಟ್ಟಿದ್ದೆ. ಫ್ರೆಡ್ಡಿಯ ಪುಸ್ತಕಕ್ಕೆ ಭಾರ ಬೇಕಿರಲಿಲ್ಲ, ಅದು ದಪ್ಪ. ಅದರ ಹೆಸರು 'ಕೊನೆಯ ಕುರಿ'. ಕುರಿಯ ಉಣ್ಣೆ ಕತ್ತರಿಸಲು ಊರೂರು ಅಲೆಯುವ ಒಬ್ಬಳು, ಆ ತಂಡಕ್ಕೆ ಅಡುಗೆ ಮಾಡುವ ಇನ್ನೊಬ್ಬಳು, ಅವರ ಕಥೆ. ನಾನು ಅದನ್ನು ಓದಿದ್ದೆ. ನಮಗೆ ಒಂದೇ ಮೇಜು ಎಂದು ತಿಳಿದ ಮೇಲೆ ಅಂಚೆಯಲ್ಲಿ ತರಿಸಿ, ಹಳೆ ಪತ್ರಿಕೆಯ ಹೊದಿಕೆ ಹಾಕಿ, ಶೆಡ್ಡಿನಲ್ಲಿ ಊಟದ ಬಿಡುವಿನಲ್ಲಿ ಓದಿದೆ. ಕೆಟ್ಟದಾಗಿರಲಿ ಎಂದು ಹಾರೈಸಿಕೊಂಡೇ ಪುಟ ತಿರುಗಿಸಿದೆ. ಕೆಟ್ಟದಾಗಿರಲಿಲ್ಲ. ಮುಗಿಸಿದ ದಿನ ಬೆಲ್ಟಿನ ಮುಂದೆ ನಿಂತು ಕೊಳೆತ ಸೇಬುಗಳನ್ನು ಹಾಗೇ ಮುಂದೆ ಹೋಗಲು ಬಿಟ್ಟು ಬೈಸಿಕೊಂಡೆ.

ಬೆಳಿಗ್ಗೆಯೆಲ್ಲ ಗಂಟೆ ಮೊಳಗುತ್ತಲೇ ಇತ್ತು. ಬ್ರೈಡಿ ನನ್ನ ಪುಸ್ತಕಗಳನ್ನು ಮಾರಿದಳು, ಮಾರಲಿಲ್ಲ ಎನ್ನುವ ಹಾಗಿಲ್ಲ. ಆದರೆ ಜನ ಕಡಿಮೆಯಾದಾಗ ಮೆಲ್ಲಗೆ ಫ್ರೆಡ್ಡಿಯ ಬದಿಗೆ ಸರಿಯುತ್ತಿದ್ದಳು. ಒಮ್ಮೆ ಫ್ರೆಡ್ಡಿಯ ಗಂಟೆಯನ್ನು ಅವಳೇ ಬಾರಿಸಿದಳು. "ಹೋಯ್!" ಎಂದು ಎಲ್ಲರಿಗಿಂತ ಜೋರಾಗಿ ಅವಳೇ ಕೂಗಿದಳು.

"ಮೆರಿನ್, ನೀನೂ ಒಂದು ಗಂಟೆ ಇಟ್ಕೋಬೇಕಪ್ಪ," ಎಂದಳು ನನಗೆ.

"ನನಗೆ ಬೇಡ."

"ಯಾಕೆ ಮುಖ ಹುಳಿ ಸೇಬಿನ ಹಾಗೆ ಮಾಡ್ಕೊಂಡಿದೀಯ?"

"ಬಿಸಿಲು."

ಬಿಸಿಲೇ ಇರಲಿಲ್ಲ.

ಮಧ್ಯಾಹ್ನ ಫ್ರೆಡ್ಡಿ ಹೊಟ್ಟೆ ಉಜ್ಜಿಕೊಂಡಳು. "ಚಿಪ್ಪುಮೀನು ತುಂಬಿದ ಸ್ಕ್ಯಾಲಪ್ ಪೈ ತಿನ್ನದೆ ನಾನು ಈ ದ್ವೀಪ ಬಿಡಲ್ಲ. ಎಲ್ಲಿ ಸಿಗತ್ತೆ?"

"ಹಡಗುಕಟ್ಟೆ ಹತ್ರ. ಸಾಲು ಉದ್ದ ಇರತ್ತೆ, ಬನ್ನಿ ತೋರಿಸ್ತೀನಿ," ಎಂದು ಬ್ರೈಡಿ ಆಗಲೇ ಮೇಜಿನ ಆಚೆ ಹೋಗಿದ್ದಳು. "ಮೆರ್, ನಿನಗೂ ತರ್ತೀನಿ ಕಣೆ. ಎರಡೂ ಕಡೆ ನೋಡ್ಕೊ."

ಇಬ್ಬರೂ ಹೋದರು. ಫ್ರೆಡ್ಡಿ ಏನೋ ಹೇಳಿದಳು, ಬ್ರೈಡಿ ತಲೆ ಹಿಂದಕ್ಕೆ ಎಸೆದು ನಕ್ಕಳು. ಹಾಗೆ ನಗುವುದನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ.

ಪಕ್ಕದವರ ಮೇಜು ನೋಡಿಕೊಳ್ಳುವುದಕ್ಕೆ ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಎಲ್ಲೂ ಬರೆದಿಟ್ಟದ್ದಲ್ಲ, ಆದರೆ ಮುರಿದವರಿಗೆ ಮತ್ತೆ ಯಾರೂ ಮೇಜು ಹಂಚುವುದಿಲ್ಲ. ಅವರ ಪುಸ್ತಕವನ್ನು ನಿನ್ನದೇ ಎನ್ನುವಂತೆ ಮಾರಬೇಕು. ಅವರದನ್ನು ಕೇಳಿಕೊಂಡು ಬಂದವರ ಕೈಗೆ ನಿನ್ನದನ್ನು ತುರುಕಬಾರದು.

ಹಸಿರು ಮಳೆಕೋಟಿನ ಹೆಂಗಸೊಬ್ಬರು ಮೇಜಿನ ಹತ್ತಿರ ಬಂದರು. ನನ್ನ ಅಮ್ಮನಿಗಿಂತ ದೊಡ್ಡವರು. ಬೆಳಿಗ್ಗೆಯಿಂದ ಅವರನ್ನು ಗಮನಿಸಿದ್ದೆ. ದೂರದಲ್ಲಿ ಸುತ್ತುತ್ತಿದ್ದರು, ಹತ್ತಿರ ಬರುವಷ್ಟರಲ್ಲಿ ಗಂಟೆ ಸದ್ದಾಗುತ್ತಿತ್ತು, ಎಲ್ಲರೂ ತಿರುಗಿ ನೋಡುತ್ತಿದ್ದರು, ಅವರು ಐಸ್‌ಕ್ರೀಮಿನ ಗಾಡಿಯ ಕಡೆ ಹೋಗಿಬಿಡುತ್ತಿದ್ದರು. ಈಗ ಗಂಟೆ ಸುಮ್ಮನಿತ್ತು. ಗಾಳಿಗೆ ಅಲುಗಾಡದಂತೆ ನಾನು ಅದರ ಮೇಲೆ ಅಂಗೈ ಇಟ್ಟೆ.

ಅವರು 'ಕೊನೆಯ ಕುರಿ' ಎತ್ತಿಕೊಂಡು ರಟ್ಟು ಕಾಣದಂತೆ ಎದೆಗೆ ಹಿಡಿದರು.

"ಇದು ನೀವು ಬರ್ದಿದ್ದಾ?"

"ಅಲ್ಲ."

ಆ ಒಂದು ಮಾತಿಗೆ ಎದೆಯ ಮೇಲಿಂದ ಯಾರೋ ಎದ್ದು ಹೋದಂತಾಯಿತು. ನಾನು ಅವರ ಮುಖ ನೋಡುತ್ತಿದ್ದೆ, ಚಪ್ಪಲಿಯನ್ನಲ್ಲ.

"ಚೆನ್ನಾಗಿದ್ಯಾ ಅಮ್ಮಾ?"

ಇಲ್ಲ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಪರವಾಗಿಲ್ಲ ಎಂದರೂ ಸಾಕಿತ್ತು, ಕಟ್ಟುಪಾಡು ಮುರಿದಂತೆಯೂ ಆಗುತ್ತಿರಲಿಲ್ಲ. ಪುಸ್ತಕ ಮೇಜಿಗೆ ವಾಪಸ್ ಬರುತ್ತಿತ್ತು. ಹಡಗುಕಟ್ಟೆಯ ಸಾಲಿನಲ್ಲಿ ಬ್ರೈಡಿ ಫ್ರೆಡ್ಡಿಯ ತೋಳಿಗೆ ತೋಳು ತಾಗಿಸಿಕೊಂಡು ನಿಂತಿರುವುದು ಕಣ್ಣಿಗೆ ಕಟ್ಟಿತು.

"ಅಡುಗೆಯವಳು ಒಂದು ತಗಡಿನ ಲೋಟದಲ್ಲಿ ಚಹಾ ಇಟ್ಟಿರ್ತಾಳೆ," ಎಂದೆ. ಹೀಗೇಕೆ ಶುರು ಮಾಡಿದೆನೋ ನನಗೇ ತಿಳಿಯದು. "ತಂಡದಲ್ಲಿ ಎಲ್ಲರಿಗೂ ದೊಡ್ಡ ಪಾತ್ರೆಯಿಂದ ಚಹಾ. ಒಬ್ಬಳಿಗೆ ಮಾತ್ರ ಬೇರೆ ಲೋಟ, ಮೇಲೆ ತಟ್ಟೆ ಮುಚ್ಚಿ. ಅವಳು ಕೊನೆಯ ಕುರಿ ಮುಗಿಸಿ ಬರೋದು ತಡ ಆಗತ್ತೆ ಅಂತ. ಪ್ರೀತಿ ಗೀತಿ ಅಂತ ಒಂದು ಮಾತಿಲ್ಲ. ಇಡೀ ಹಂಗಾಮು ಆ ಲೋಟ ಅಷ್ಟೇ. ಒಂದು ದಿನ ಅವಳು ಬರ್ತಾಳೆ, ಲೋಟ ಇರತ್ತೆ, ಮೇಲೆ ತಟ್ಟೆ ಇರಲ್ಲ. ಚಹಾ ತಣ್ಣಗಾಗಿರತ್ತೆ. ಅಷ್ಟಕ್ಕೇ ಅವಳಿಗೆ ಎಲ್ಲಾ ಗೊತ್ತಾಗಿಹೋಗತ್ತೆ. ನಾನು ಅದನ್ನ ಓದಿದ ದಿನ ಊಟ ಮಾಡ್ಲಿಲ್ಲ."

ಅವರು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಹೆಸರಿಲ್ಲದ ಕಂದು ಚೀಲಕ್ಕೆ ಹಾಕಿ ಕೊಟ್ಟೆ. ಗಂಟೆ ಬಾರಿಸಲಿಲ್ಲ.

"ನಿಮ್ಮದು ಯಾವುದಮ್ಮ?" ಎಂದು ಕೇಳಿದರು.

ಸೇಬುಗಳ ಕಡೆ ಬೆರಳು ತೋರಿಸಿದೆ. ಅವರು ಸ್ವಲ್ಪ ಕಾದರು. ನಾನು ಅವರ ಚಪ್ಪಲಿ ನೋಡಿದೆ. "ಮುಂದಿನ ವರ್ಷ," ಎಂದು ಮೆತ್ತಗೆ ಹೇಳಿ ಹೊರಟುಹೋದರು.

ಅವರ ಹಿಂದೆ ನಿಂತಿದ್ದ ಇಬ್ಬರು ಹುಡುಗರು ಮಾತು ಕೇಳಿಸಿಕೊಂಡಿದ್ದರು. "ಆ ಲೋಟದ ಪುಸ್ತಕ ಯಾವುದು?" ಎಂದರು. ಆಮೇಲೆ ಅವರ ಗೆಳತಿ. ಆಮೇಲೆ ನಾಯಿ ಹಿಡಿದುಕೊಂಡ ಅಜ್ಜ. ಒಬ್ಬೊಬ್ಬರಿಗೆ ಒಂದೊಂದು ಕಡೆಯಿಂದ ಹೇಳಿದೆ. ಕತ್ತರಿಸುವವಳ ಕೈಗೆ ಉಣ್ಣೆಯ ಜಿಡ್ಡು ಅಂಟಿ ಅಂಗೈ ಮಗುವಿನದರಂತೆ ಮೆತ್ತಗಿರುವುದು, ಅಡುಗೆಯವಳು ರೊಟ್ಟಿ ಕೊಡುವ ನೆಪದಲ್ಲಿ ಅದನ್ನು ಮುಟ್ಟುವುದು. ನನ್ನ ಗಂಟಲಿನಲ್ಲಿ ಇಷ್ಟು ಮಾತಿತ್ತೆಂದು ನನಗೇ ಗೊತ್ತಿರಲಿಲ್ಲ. ಇವರು ಬೆನ್ನು ಕೊಟ್ಟು ಓಡುವವರಲ್ಲ ಎಂದು ಕಂಡಮೇಲೆ ಒಂದೊಂದಕ್ಕೂ ಗಂಟೆ ಬಾರಿಸಿದೆ. ಬಾರಿಸುವಾಗಲೆಲ್ಲ ಒಂದೇ ಯೋಚನೆ, ನನ್ನ ಬಾಯಿಯೂ ಫ್ರೆಡ್ಡಿಗೇ ದುಡಿಯುತ್ತಿದೆಯಲ್ಲ ಎಂದು.

ಕೊನೆಯ ಪ್ರತಿ ಅಜ್ಜನ ಕೈಗೆ ಹೋದಾಗ ತಲೆಯೆತ್ತಿದೆ. ಬ್ರೈಡಿ, ಫ್ರೆಡ್ಡಿ ಪೈ ಹಿಡಿದುಕೊಂಡು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಖಾಲಿ!" ಎಂದಳು ಫ್ರೆಡ್ಡಿ. "ಮಾರಾಯ್ತಿ, ನನ್ನ ಅರ್ಧ ಮೇಜು ನುಂಗಿಬಿಟ್ಟೆಯಲ್ಲ! ಆ ಜಿಡ್ಡಿನ ಕೈ… ಅದನ್ನ ಬರ್ದಿದ್ದು ನಂಗೇ ಮರೆತುಹೋಗಿತ್ತು. ಇಷ್ಟು ದಿನ ಗಂಟೆ ಬಡ್ಕೊಂಡು ಮಾರ್ತಿದ್ದೆ. ಹೀಗೆ ಯಾರೂ ಹೇಳಿರ್ಲಿಲ್ಲ."

ನಾನು ಬ್ರೈಡಿಯನ್ನು ನೋಡಿದೆ. ಅವಳು ನಗುತ್ತಿರಲಿಲ್ಲ. ಪೈಯ ರಸ ಕಾಗದದಿಂದ ಜಾರಿ ಅವಳ ಮಣಿಕಟ್ಟಿಗೆ ಇಳಿಯುತ್ತಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ಯಾವಾಗ ಓದಿದೆ ಅದನ್ನ?" ಎಂದಳು.

"ಊಟದ ಬಿಡುವಲ್ಲಿ."

"ನನ್ನ ಪಕ್ಕದಲ್ಲಿ ಕೂತ್ಕೊಂಡಾ? ಪೇಪರ್ ಓದ್ತಿದೀನಿ ಅಂದಿದ್ದೆ."

"ಪೇಪರ್ ಹೊದಿಕೆ."

"ಊಟ ಮಾಡ್ಲಿಲ್ಲ ಅಂದ್ಯಲ್ಲ ಆ ಅಜ್ಜನ ಹತ್ರ. ಹೊಟ್ಟೆನೋವು ಅಂತ ಡಬ್ಬಿ ನನಗೆ ಕೊಟ್ಟೆಯಲ್ಲ, ಆವತ್ತಾ?"

"ಆವತ್ತೇ."

ಫ್ರೆಡ್ಡಿ ನಮ್ಮಿಬ್ಬರನ್ನೂ ನೋಡಿ ಮೂಗು ಉಜ್ಜಿಕೊಂಡಳು. ಆದರೂ ಸುಮ್ಮನಿರುವವಳಲ್ಲ ಅವಳು. "ಬೇಜಾರು ಮಾಡ್ಕೋಬೇಡ ಬ್ರೈಡಿ, ಬೆಳಿಗ್ಗೆ ನಿನ್ನನ್ನ ಕೇಳಿದ್ದೆ. ಈಗ ಮನಸ್ಸು ಬದಲಾಯ್ತು. ಮೆರಿನ್, ವ್ಯಾನಲ್ಲಿ ಪಕ್ಕದ ಸೀಟು ಖಾಲಿ. ನೀನೇ ಬಂದ್ಬಿಡು. ನೀನು ನನ್ನದು ಮಾರು, ನಾನು ನಿನ್ನದು ಮಾರ್ತೀನಿ. ನಮ್ಮದನ್ನ ನಾವೇ ಹೊಗಳ್ಕೊಳ್ಳೋ ಕರ್ಮ ತಪ್ಪತ್ತೆ. ಏನಂತೀಯ?"

ಹೋಗುವ ಮನಸ್ಸು ನನಗೆ ಇರಲಿಲ್ಲ. ಕಣಿವೆ ಬಿಟ್ಟರೆ ನನಗೆ ಬೇರೆ ಊರು ಬೇಡ, ಆ ಮನೆ ಬಿಟ್ಟರೆ ಬೇರೆ ಮನೆ ಬೇಡ. ಇಲ್ಲ ಎನ್ನಲು ಉಸಿರು ಎಳೆದುಕೊಂಡೆ. ಆಗ ಬ್ರೈಡಿಯ ಮುಖ ಕಣ್ಣಿಗೆ ಬಿತ್ತು. ಬೆಳಿಗ್ಗೆ ಡೇರೆಯ ಈಚೆ ನನ್ನ ಮುಖ ಹೇಗಿತ್ತೆಂದು ನಾನು ನೋಡಿರಲಿಲ್ಲ. ಈಗ ನೋಡಿದೆ.

"ನೋಡೋಣ," ಎಂದೆ.

ಬ್ರೈಡಿಯ ಕಿವಿ ಕೆಂಪಾಯಿತು. "ನೋಡೋಣ ಅಂದ್ರೆ?"

"ನೀನು ಹೇಳಿದ್ದೆಯಲ್ಲ ಬೆಳಿಗ್ಗೆ. ಅದೇ."

"ಅದು ಸುಮ್ನೆ ಬಾಯಿಮಾತು ಕಣೆ! ಹತ್ತು ಹೆಜ್ಜೆ ನಡೆಯೋಷ್ಟರಲ್ಲಿ ಮರೆತೇ ಹೋಗಿತ್ತು ನನಗೆ."

"ನನಗೆ ಮರೀಲಿಲ್ಲ."

ಅವಳು ಪೈ ಎರಡನ್ನೂ ಮೇಜಿನ ತುದಿಗೆ ಇಟ್ಟು ಕೈ ಒರೆಸಿಕೊಂಡಳು. ನನ್ನ ಪುಸ್ತಕಗಳ ಮೇಲಿನ ಒಂದು ಸೇಬು ಸರಿಸಿ ಒಂದು ಪ್ರತಿ ಎತ್ತಿಕೊಂಡಳು. ಹಿಂದೆ ಇದ್ದ ಖಾಲಿ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಕುಳಿತಳು. ತನ್ನ ಪುಟ ಎಲ್ಲಿತ್ತೆಂದು ಹುಡುಕಲು ಹೋಗದೆ ಮೊದಲಿನಿಂದಲೇ ಶುರು ಮಾಡಿದಳು.

ಮಧ್ಯಾಹ್ನವೆಲ್ಲ ಜನ ಬಂದರು. ಫ್ರೆಡ್ಡಿಗೆ ಮಾರಲು ತನ್ನದೇನೂ ಉಳಿದಿರಲಿಲ್ಲ. ನನ್ನದನ್ನು ಮಾರಲು ನೋಡಿದಳು, ಆದರೆ ಓದಿರಲಿಲ್ಲ, ಎರಡು ಮಾತಿಗೆ ಎಡವುತ್ತಿದ್ದಳು. "ಏ ಬ್ರೈಡಿ, ಬಾರೆ, ನಿನ್ನ ಬಾಯಿ ಬೇಕು," ಎಂದು ಕೂಗಿದಳು.

"ಶ್!" ಎಂದಳು ಬ್ರೈಡಿ, ತಲೆ ಎತ್ತದೆ.

ನಾನು ತಣ್ಣಗಾದ ಪೈ ತಿಂದೆ. ಬಂದವರ ಚಪ್ಪಲಿಗಳನ್ನೂ ನೋಡಲಿಲ್ಲ, ಮುಖಗಳನ್ನೂ ನೋಡಲಿಲ್ಲ. ಪುಟ ತಿರುಗಿಸುವ ಅವಳ ಬೆರಳನ್ನೇ ನೋಡುತ್ತಿದ್ದೆ. ಆ ಹೊತ್ತಿನಲ್ಲಿ ನನ್ನದು ಒಂದೂ ಮಾರಾಟವಾಗಲಿಲ್ಲ.

ಡೇರೆಯ ಹಗ್ಗ ಬಿಚ್ಚುವ ವೇಳೆಗೆ ಅವಳು ಅರ್ಧ ದಾಟಿದ್ದಳು. ಮನೆಯ ಪ್ರತಿಯಲ್ಲಿ ಚೀಟಿ ಅಂಟಿಸಿಟ್ಟಿದ್ದ ಪುಟ ಹಿಂದೆ ಬಿದ್ದಿತ್ತು.

"ಹೋಗ್ತೀಯಾ ಅವಳ ಜೊತೆ?" ಎಂದಳು, ಕಣ್ಣು ಪುಸ್ತಕದಲ್ಲೇ ಇಟ್ಟು.

"ಮೊದಲು ಓದಿ ಮುಗಿಸು," ಎಂದೆ. "ಆಮೇಲೆ ಹೇಳ್ತೀನಿ."