ಮೂರು ಸಲ ತೆರೆದ ಬಾಗಿಲು

ಮಾಡಬಾರದ್ದನ್ನು ಮಾಡಿದ್ದಳು ತಂಗಿ, ಅದೂ ಪ್ರೀತಿಯಿಂದ. ಪ್ರಯೋಗಾಲಯದಲ್ಲಿ ಕೋಶ ಬೆಳೆಸುವುದೇ ಅವಳ ಕೆಲಸ. ಅಕ್ಕನ ಮೂಳೆಯೊಳಗಿಂದ ತೆಗೆದ ಎಳೆ ಕೋಶಗಳನ್ನು, ಸ್ಟೆಮ್ ಸೆಲ್ ಎನ್ನುತ್ತಾರಲ್ಲ ಅವನ್ನು, ಎರಡು ದಿನ ಆಮ್ಲಜನಕ ಕಡಿಮೆಯಿರುವ ಪೆಟ್ಟಿಗೆಯಲ್ಲಿಟ್ಟು ಗಟ್ಟಿ ಮಾಡಬೇಕಿತ್ತು. ಸುಖವಾಗಿ ಬೆಳೆದ ಕೋಶಗಳನ್ನು ಅಕ್ಕನ ಸೋತ ಹೃದಯಕ್ಕೆ ಸೇರಿಸಿದರೆ ಒಂದು ದಿನವೂ ಬಾಳುವುದಿಲ್ಲ. ಮೊದಲೇ ಕಷ್ಟ ಕಂಡವು ಉಳಿಯುತ್ತವೆ. ಅದಕ್ಕೇ ಎರಡು ದಿನ ಪೆಟ್ಟಿಗೆಯ ಬಾಗಿಲು ಮುಟ್ಟಕೂಡದು.

ಇವಳು ಮೂರು ಸಲ ತೆಗೆದಿದ್ದಳು! ಹೇಗಿವೆಯೋ ಏನೋ ಎಂದು ಜೀವ ತಡೆಯದೆ ಇಣುಕಿದಾಗಲೆಲ್ಲ ಗಾಳಿ ಒಳಗೆ ನುಗ್ಗಿತ್ತು. "ಸ್ವಂತ ಅಕ್ಕನ ಕೆಲಸ ನಿನಗೆ ಬೇಡ ಕಣೇ" ಎಂದು ಅಲ್ಲಿಯ ಮುಖ್ಯಸ್ಥೆ, ಎಲ್ಲರೂ ದೊಡ್ಡಮ್ಮ ಎನ್ನುವಾಕೆ, ಬಡಿದುಕೊಂಡಿದ್ದರು. ಕೇಳಿದಳೇ? ಹಟ ಹಿಡಿದು ವಹಿಸಿಕೊಂಡಿದ್ದಳು.

ಈಗ ಬೆಳಗ್ಗೆ ಎಂಟು. ಹತ್ತಕ್ಕೆ ಅಕ್ಕನಿಗೆ ಚಿಕಿತ್ಸೆ. ಹೇಳಿದರೆ ಅದು ಮುಂದಕ್ಕೆ ಹೋಗುತ್ತದೆ, ಅಲ್ಲಿಯತನಕ ಅಕ್ಕ ತಾಳುತ್ತಾಳೋ ಇಲ್ಲವೋ ಯಾರು ಕಂಡಿದ್ದಾರೆ? ಹೇಳದಿದ್ದರೆ ಸಾಯುವ ಕೋಶಗಳು ಅಕ್ಕನ ಎದೆ ಸೇರುತ್ತವೆ. ಕೊನೆಗೆ ಎದ್ದು ದೊಡ್ಡಮ್ಮನ ಮುಂದೆ ಹೋಗಿ ನಿಂತಳು.

"ದೊಡ್ಡಮ್ಮ, ನಾನು ಬಾಗಿಲು ತೆಗೆದೆ. ಮೂರು ಸಲ."

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಒಲೆ ಮೇಲಿನ ಹಾಲು ಉಕ್ತಾ ಅಂತ ನೋಡೋ ಹಾಗೆ ನೋಡಿದ್ಯಾ?"

ಬೈಯುತ್ತಲೇ ದೊಡ್ಡಮ್ಮ ಕಷ್ಟ ತಾಳುತ್ತವೆಯೇ ಎಂದು ನೋಡಲು ಒಂದಿಷ್ಟು ಕೋಶಗಳನ್ನು ಸುಡುವಂಥ ಖಾರದ ದ್ರವದಲ್ಲಿ ಗಂಟೆ ಹೊತ್ತು ನರಳಿಸಿ, ನೀಲಿ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಸತ್ತವು ನೀಲಿಯಾಗುತ್ತವೆ. ತಂಗಿಯೂ ಪಕ್ಕದಲ್ಲಿ ನಿಂತು ಎಣಿಸಿದಳು. ನೂರರಲ್ಲಿ ಎಪ್ಪತ್ತಾದರೂ ಬದುಕಿರಬೇಕಿತ್ತು, ಬದುಕಿದ್ದು ಮೂವತ್ತೊಂದು.

"ಫ್ರೀಜರಿನಲ್ಲಿ ಅವಳ ಕೋಶ ಇನ್ನರ್ಧ ಇದೆ. ನಾನೇ ಮಾಡ್ತೀನಿ, ಬೆಳೆಸೋಕೆ ಎರಡು, ಗಟ್ಟಿ ಮಾಡೋಕೆ ಎರಡು, ಒಟ್ಟು ನಾಲ್ಕು ದಿನ ಬೇಕು" ಎಂದರು ದೊಡ್ಡಮ್ಮ. "ಅಕ್ಕನಿಗೆ ನೀನೇ ಹೇಳು."

ಫೋನಿನಲ್ಲಿ ಅಕ್ಕ ಎಲ್ಲ ಕೇಳಿಸಿಕೊಂಡಳು.

"ನಾಲ್ಕು ದಿನ ಇರ್ತೀನೇನೇ ನಾನು?"

ಸುಳ್ಳಾಡಲು ಬಾಯಿ ಬರಲಿಲ್ಲ. "ಗೊತ್ತಿಲ್ಲ ಅಕ್ಕಾ. ತಪ್ಪೆಲ್ಲ ನಂದೇ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಬೇಗ ಬಾರೇ. ನನಗೆ ತುಂಬಾ ಭಯ ಆಗ್ತಿದೆ."

ಅಕ್ಕನ ಬಾಯಲ್ಲಿ ಆ ಮಾತನ್ನು ತಂಗಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮೈಮೇಲಿನ ಕೋಟನ್ನೂ ಬಿಚ್ಚದೆ ಆಸ್ಪತ್ರೆಯ ಕಡೆ ಓಡಿದಳು.