ಸಿಗದ ಚೂರು

ಗಾಜಿನ ಅಂಗಡಿಯವನು ಹೋಟೆಲು ಕೋಣೆಯ ಬಚ್ಚಲಲ್ಲಿ ಟವೆಲ್ ಹಾಸಿ, ಒಡೆದ ಲೋಟವನ್ನು ಚೂರಿಗೆ ಚೂರು ಸೇರಿಸಿ ಜೋಡಿಸುತ್ತಿದ್ದ. ಅಂಗಡಿಯಲ್ಲಿ ಏನೇ ಒಡೆದರೂ ಹೀಗೆಯೇ. ಚೂರುಗಳೆಲ್ಲ ಕೂಡಿಕೊಂಡ ಮೇಲೆಯೇ ಅಲ್ಲಿ ಯಾರಾದರೂ ಓಡಾಡಬೇಕು. ಇಲ್ಲಿಯೂ ಎಲ್ಲ ಕೂಡಿಕೊಂಡಿತು, ಅಂಚಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗ ಬಿಟ್ಟು.

ಆ ಚೂರು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಸಂಜೆ ಈಜುಕೊಳದ ಬಳಿ, 'ಗಾಜಿನ ಲೋಟ, ಬಾಟಲಿ ತರಬಾರದು' ಎಂಬ ಫಲಕದ ಕೆಳಗೇ ಕುರ್ಚಿ ಎಳೆದುಕೊಂಡು ಹಣ್ಣಿನ ರಸ ಹೀರುತ್ತಿದ್ದ. ಕೊಳದ ಕಾವಲಿನವನು ಬಂದು, "ಸರ್, ಪ್ಲಾಸ್ಟಿಕ್ ಲೋಟ ಕೊಡ್ತೀನಿ, ಇದನ್ನ ಒಳಗಿಡಿ" ಅಂದ.

"ನಾನು ಗಾಜಿನ ಮಧ್ಯಾನೇ ಬೆಳೆದೋನು ಕಣಪ್ಪ. ನನ್ನ ಕೈಯಿಂದ ಜಾರುತ್ತಾ?"

ಕಾವಲಿನವನು ಅತ್ತ ಹೋಗಿ ದೀಪ ಹಾಕುವಷ್ಟರಲ್ಲಿ ಜಂಬದ ಲೋಟ ಜಾರಿ, ಕೊಳದ ಅಂಚಿಗೆ ಬಡಿದು ಒಡೆಯಿತು. ಯಾರೂ ನೋಡಲಿಲ್ಲ. ಚೂರುಗಳನ್ನು ಟವೆಲಿನಲ್ಲಿ ಬಾಚಿಕೊಂಡು, ಏನೂ ಆಗದವನಂತೆ ಅವನು ಮೇಲೆ ಬಂದಿದ್ದ.

ನೀರಿನಲ್ಲಿ ಬಿದ್ದ ಗಾಜು ಕಣ್ಣಿಗೆ ಬೀಳುವುದಿಲ್ಲ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಲಗಿ ಕಣ್ಣು ಮುಚ್ಚಿದರೆ ಸಾಕು, ಒದ್ದೆಯಾದ ಪುಟ್ಟ ಪಾದಗಳು ಮಂಚದ ಪಕ್ಕ ಬಂದು ನಿಲ್ಲುತ್ತಿದ್ದವು. ತಲೆ ಎತ್ತಿ ಅವು ಯಾರವೆಂದು ನೋಡುವ ಧೈರ್ಯ ಅವನಿಗಾಗಲಿಲ್ಲ.

ಬೆಳಿಗ್ಗೆ ಮಗಳು ಈಜುಡುಗೆ ತೊಟ್ಟು ಬಾಗಿಲಲ್ಲಿ ನಿಂತಿದ್ದಳು.

"ಇವತ್ತು ನೀರು ಬೇಡ ಪುಟ್ಟಿ. ನಿಂಗೆ ಶೀತ ಆಗೋ ಹಾಗಿದೆ."

"ನಂಗೆಲ್ಲಿ ಶೀತ ಅಪ್ಪ?"

"ಬೇಡ ಅಂದ್ರೆ ಬೇಡ."

ಅವನು ಬಾಲ್ಕನಿಗೆ ಬಂದ. ಕೆಳಗೆ ಇಬ್ಬರು ಮಕ್ಕಳು ಆಗಲೇ ನೀರಿಗೆ ಇಳಿದಿದ್ದರು. ಒಂದೊಂದು ಕೇಕೆಗೂ ಅವನು ಕಂಬಿ ಹಿಡಿದು ಬಗ್ಗಿ ನೋಡುತ್ತಿದ್ದ. ಅದು ಬರೀ ನಗು ಎಂದು ಖಾತ್ರಿಯಾಗುವವರೆಗೆ ಕಂಬಿ ಬಿಡುತ್ತಿರಲಿಲ್ಲ.

ಬಚ್ಚಲಿನಿಂದ ಹೆಂಡತಿ ಬಂದಳು. ಅವಳೂ ಅಂಗಡಿಯಲ್ಲಿ ಅವನ ಜೊತೆ ದುಡಿದವಳೇ, ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

"ಒಂದು ಚೂರು ಕಮ್ಮಿ ಇದೆಯಲ್ರೀ. ಇವಳಿಗೆ ಶೀತ ಬಂದಿದ್ದು ಅದಕ್ಕೇನಾ?"

"ಈಗ ಹೇಳಿದ್ರೆ ಕೊಳಾನೇ ಖಾಲಿ ಮಾಡ್ಬೇಕು. ಅಷ್ಟು ಜನರ ಮುಂದೆ ಯಾವ ಮುಖ ಇಟ್ಕೊಂಡು ಹೇಳ್ಲಿ? ಯಾರಿಗೂ ತಾಗದೇನೂ ಇರಬಹುದು."

"ಇರಬಹುದು. ಹಾಗಿದ್ರೆ ಪುಟ್ಟೀನ ಕಳಿಸಿ."

ಅವನು ಮಗಳ ಪಾದಗಳನ್ನು ನೋಡಿದ. ರಾತ್ರಿ ಬಂದು ನಿಂತವು ಇವೇ. ಕೆಳಗಿರುವ ಆ ಮಕ್ಕಳ ಪಾದಗಳೂ ಇಷ್ಟೇ ಪುಟ್ಟವು. ಅವನು ಮೆಟ್ಟಿಲಿಳಿದು ಕೊಳದತ್ತ ಓಡಿದ.

"ನೀರಲ್ಲಿ ಗಾಜಿದೆ," ಅಂದ ಕಾವಲಿನವನಿಗೆ, ಎಲ್ಲರಿಗೂ ಕೇಳುವಂತೆ. "ನನ್ನ ಲೋಟ. ನಿನ್ನೆ ಒಡೀತು, ಹೇಳ್ಲಿಲ್ಲ."

ಕಾವಲಿನವನು ಅವನನ್ನು ಒಂದು ಕ್ಷಣ ನೋಡಿ, ನೀರಿಗೆ ಹಾರಿ, ಮಕ್ಕಳನ್ನು ಕಾಲು ತಳಕ್ಕೆ ತಾಗದಂತೆ ಎತ್ತಿಕೊಂಡು ಬಂದ. ಇಬ್ಬರಿಗೂ ಏನೂ ಆಗಿರಲಿಲ್ಲ. ಅವರ ತಾಯಿ ಪಾದಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಿನ್ನೇನೇ ಹೇಳೋಕೆ ಏನಾಗಿತ್ತು ನಿಮಗೆ?" ಅಂದಳು.

ನೀರು ಪೂರ್ತಿ ಇಳಿಯುವಾಗ ಮಧ್ಯಾಹ್ನ ಕಳೆದಿತ್ತು. ಚೂರು ಏಣಿಯ ಬುಡದಲ್ಲಿತ್ತು, ಇಳಿದವರು ಮೊದಲು ಕಾಲಿಡುವ ಜಾಗದಲ್ಲಿ. ಹೆಂಡತಿ ತಂದ ಟವೆಲಿನ ಮೇಲೆ ಲೋಟವನ್ನು ಮತ್ತೆ ಜೋಡಿಸಿ, ಚೂರನ್ನು ಹೊಂದಿಸಿ ನೋಡಿದ. ಅಂಚು ತುಂಬಿತು, ಆದರೆ ಬಿರುಕಿನಲ್ಲಿ ಪುಡಿ ಉದುರಿದ ಗುರುತಿತ್ತು.

"ಬಿಡಿ ಸರ್, ನಾವು ಗುಡಿಸ್ತೀವಿ," ಅಂದ ಕಾವಲಿನವನು.

"ಪೊರಕೆಗೆ ಪುಡಿ ಸಿಗಲ್ಲಪ್ಪ. ಒದ್ದೆ ಬಟ್ಟೆ ಕೊಡು."

ಮಂಡಿಯೂರಿ ಇಡೀ ತಳವನ್ನು ಒತ್ತಿ ಒತ್ತಿ ಒರೆಸಿದ. ಆಮೇಲೆ ಎದ್ದು ಚಪ್ಪಲಿ ಕಳಚಿಟ್ಟ. ಅಂಗಡಿಯಲ್ಲಿ ಒಂದು ದಿನವೂ ಬರಿಗಾಲಲ್ಲಿ ನಡೆದವನಲ್ಲ ಅವನು. ಏಣಿಯ ಬುಡದಿಂದ ಶುರುಮಾಡಿ, ಅಂಗಾಲನ್ನು ಪೂರ್ತಿ ಊರುತ್ತ, ಒಂದಂಗುಲವನ್ನೂ ಬಿಡದೆ ನಡೆಯತೊಡಗಿದ.

ಮೇಲೆ ಅಂಚಿನಲ್ಲಿ ಮಗಳು ಕಾಲು ಇಳಿಬಿಟ್ಟು ಕೂತಿದ್ದಳು.

"ಹೆದರಿಕೆ ಆಗಲ್ವಾ ಅಪ್ಪ?"

"ಆಗತ್ತೆ," ಅಂದು ಅವನು ಮುಂದಿನ ಹೆಜ್ಜೆ ಇಟ್ಟ.