ಅಳಿಯ ತಂದ ಕಾರಿನ ಮೂತಿ

ನಮ್ಮಮ್ಮನಿಗೆ ಅನುಮಾನವೆನ್ನುವುದು ರೋಗವಲ್ಲ, ಕಸುಬು. ಹಳೆಯ ಕಾರು ಕೊಂಡು ಮಾರುವ ಅಂಗಳವನ್ನು ಅಪ್ಪ ಹೋದ ಮೇಲೆ ಒಬ್ಬಳೇ ನಡೆಸಿದವಳು. ಯಾರಾದರೂ ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ, ಸವೆದ ಪೆಡಲ್ ರಬ್ಬರ್ ನೋಡಿಯೇ ಹಿಡಿದುಬಿಡುತ್ತಿದ್ದಳು. ಮದುವೆಯಾದ ಮೇಲೆ ಕಾರು ಹುಡುಕಿ ತರುವ ಕೆಲಸಕ್ಕೆ ನಿಂತ ನನ್ನ ಗಂಡನನ್ನೂ ಅದೇ ಕಣ್ಣಿನಿಂದಲೇ ನೋಡುತ್ತಿದ್ದಳು. ಅಳಿಯ ಚಹಾಕ್ಕೆ ಸಕ್ಕರೆ ಬೇಡವೆಂದರೂ ಅದರ ಹಿಂದೆ ಏನೋ ಇದೆ ಎನ್ನುವಳು. ಇವರಿಗೂ ಸಾಕುಸಾಕಾಗಿತ್ತು. ಇನ್ನೊಂದು ಸಲ ಕಳ್ಳ ಅನ್ನಿಸಿಕೊಂಡರೆ ಅಂಗಳ ಬಿಟ್ಟು ಬೇರೆ ಮನೆ ಮಾಡೋಣ ಎಂದು ನನಗೆ ಹೇಳಿಬಿಟ್ಟಿದ್ದರು. ಅಡಕತ್ತರಿಯಲ್ಲಿ ಸಿಕ್ಕಿದವಳು ನಾನು.

ಆಗ ಬಂತು ಆ ಕೊರಿಯಾ ಕಾರು. ಅದೇ ಮಾಡೆಲಿನ ಹಳೆಯದೊಂದು ಆಗಲೇ ಅಂಗಳದಲ್ಲಿತ್ತು. ಬಾನೆಟ್ಟಿನಿಂದ ಡಿಕ್ಕಿಯವರೆಗೆ ಒಂದೇ ಎಳೆಯಲ್ಲಿ ಇಳಿದ ಮೈ, ತೆಳ್ಳನೆಯ ದೀಪ, ನೋಡಿದರೆ ನೋಡುತ್ತಲೇ ಇರಬೇಕು. ಇವರು ತಂದದ್ದು ಅದಕ್ಕಿಂತ ಹೊಸದು, ಆದರೆ ಮೂತಿ ಮಾತ್ರ ಗಾಳಕ್ಕೆ ಸಿಕ್ಕ ಮೀನಿನದು. ಅಗಲವಾದ ಬಾಯಿ, ಅದರ ಎರಡೂ ತುದಿಗೆ ಯಾವ ಪುರುಷಾರ್ಥಕ್ಕೋ ತಿಳಿಯದ ಕ್ರೋಮ್ ಮೀಸೆ.

ಅಮ್ಮ ಎರಡರ ಸುತ್ತಲೂ ಸುತ್ತಿದಳು. ಅಷ್ಟು ಚೆಂದದ್ದನ್ನು ಮಾಡಿದವರು ಆಮೇಲೆ ಬುದ್ಧಿ ನೆಟ್ಟಗಿದ್ದು ಇಂಥದ್ದನ್ನು ಮಾಡುತ್ತಾರೆಯೇ ಎಂದು ಕೇಳಿದಳು. ಎಲ್ಲೋ ಗುದ್ದಿಸಿದ ಗಾಡಿ, ಸಿಕ್ಕಿದ ಮೂತಿ ಕೂರಿಸಿದ್ದಾರೆ, ಅಳಿಯನಿಗೆ ಎಲ್ಲ ಗೊತ್ತು ಎನ್ನುವುದು ಅವಳ ತೀರ್ಪು. ಇವರು ಸಮಾಧಾನವಾಗಿಯೇ ವಿವರಿಸಿದರು. ಕೊರಿಯಾದವರ ಕಾರುಗಳೇ ಹಾಗೆ, ಮೊದಮೊದಲು ಸ್ಕೇಲು ಇಟ್ಟು ಗೀಚಿದ ಡಬ್ಬಿ, ಆಮೇಲೆ ಕಪ್ಪೆಗಣ್ಣು, ಮಧ್ಯೆ ಒಂದು ಎಲ್ಲರೂ ತಿರುಗಿ ನೋಡುವಂಥದ್ದು, ಮರುಸಲ ಅದನ್ನೂ ಕೆಡಿಸಿಕೊಳ್ಳುತ್ತಾರೆ ಎಂದರು. ಅಮ್ಮ ಹೂಂಗುಟ್ಟಿದಳು. ಒಂದಕ್ಷರವನ್ನೂ ನಂಬಿರಲಿಲ್ಲ.

ಆ ಮೂತಿಯನ್ನೂ ಮೆಚ್ಚುವವರೊಬ್ಬರು ಸಿಕ್ಕಿದರು, ಕನ್ನಡಕದ ಅಂಗಡಿಯವರು. ಮುಂಭಾಗ ಬಿಚ್ಚಿಯೇ ಇಲ್ಲ, ಬೋಲ್ಟುಗಳನ್ನು ನೀವೇ ನೋಡಿ ಎಂದು ಇವರು ಮಾತು ಕೊಟ್ಟಿದ್ದರು. ನಮ್ಮ ಕಸುಬಿನಲ್ಲಿ ಅದೇ ಕೊನೆಯ ಸಾಕ್ಷಿ. ಬೋಲ್ಟಿನ ಮೇಲೆ ಕಾರ್ಖಾನೆಯ ಬಣ್ಣ ಹಾಗೇ ಇದ್ದರೆ ಮೂತಿ ಹುಟ್ಟಿನದು, ಬಿರಿದಿದ್ದರೆ ಯಾರೋ ಕೈ ಹಾಕಿದ್ದಾರೆ ಎಂದೇ ಅರ್ಥ.

ಅವರು ತಮ್ಮ ಮೆಕ್ಯಾನಿಕ್‌ನನ್ನು ಕರೆದುಕೊಂಡೇ ಬಂದರು. ಅವನು ಬಾನೆಟ್ ಎತ್ತಿ, ದೀಪದ ಮೇಲಿನ ಬೋಲ್ಟುಗಳ ಮೇಲೆ ಹೆಬ್ಬೆರಳಾಡಿಸಿದ. ಬಣ್ಣ ಬಿರಿದಿತ್ತು. ಸ್ಪ್ಯಾನರಿನ ಗುರುತು ಹೊಚ್ಚಹೊಸದಾಗಿ ಹೊಳೆಯುತ್ತಿತ್ತು.

"ಇದು ಬಿಚ್ಚಿರೋ ಗಾಡಿ ಸಾರ್," ಎಂದ.

ಕನ್ನಡಕದವರು ನನ್ನ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನೂ ನೋಡಿದೆ. ಹಾಗಾದರೆ ಅಮ್ಮ ಹೇಳಿದ್ದೇ ನಿಜವಾಯಿತೇ ಎಂದುಕೊಂಡೆ. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಆದರೆ ಇವರು ಆಗ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಿಚ್ಚಿದ್ದು ನಾನು," ಎಂದಳು ಅಮ್ಮ, ಆಫೀಸಿನ ಬಾಗಿಲಲ್ಲಿ ನಿಂತು. "ಬಣ್ಣ ಸರಿಯಾಗೇ ಇತ್ತು. ಅದನ್ನೂ ಅಳಿಯನೇ ಬಳಿದಿರಬಹುದು ಅಂತ ತಿರುಗಿಸಿ ನೋಡಿದೆ. ಒಳಗೂ ಕಾರ್ಖಾನೆದೇ."

ಅದನ್ನು ಯಾರು ನಂಬುತ್ತಾರೆ? ಮೆಕ್ಯಾನಿಕ್ ಮುಸಿಮುಸಿ ನಕ್ಕ. ಯೋಚಿಸಿ ಹೇಳುತ್ತೇವೆಂದು ಇಬ್ಬರೂ ಹೊರಟುಹೋದರು. ಅಮ್ಮ ಇವರ ಬಳಿ ಬಂದು ತಪ್ಪಾಯಿತು ಎಂದಳು. ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನಗೆ ಹೋದ ಜೀವ ಬಂದಂತಾಯಿತು. ಅಮ್ಮನೇ ಒಪ್ಪಿಕೊಂಡಳಲ್ಲ, ಇನ್ನಾದರೂ ಬೇರೆ ಮನೆಯ ಮಾತು ಬಿಡಿ ಎಂದೆ.

ಇವರು ಬಾನೆಟ್ಟನ್ನು ಮೆಲ್ಲಗೆ ಇಳಿಸಿದರು.

"ಅತ್ತೆ ನನ್ನ ನಂಬಲ್ಲ ಅಂತ ಗೊತ್ತಿತ್ತು. ನೀನೂ ನಂಬಲ್ಲ ಅಂತ ಗೊತ್ತಿರ್ಲಿಲ್ಲ."

ಕಾರಿನ ಕೀಯನ್ನು ನನ್ನ ಕೈಗಿಟ್ಟು ಗೇಟಿನ ಕಡೆ ನಡೆದರು. ನನ್ನನ್ನು ಬಾ ಎಂದು ಕರೆಯಲಿಲ್ಲ.